ಮಂಡಿ ನನ್ನದು

ಆ ಎತ್ತಿ ಹಿಡಿದಿರುವ ಕಾಲು ಯಾರದ್ದೋ, ಹಳದಿ ಔಷಧ ಬಳಿದ ಎಡಗಾಲು, ತನ್ನದೇ ಇರಬೇಕು, ಹೆಬ್ಬೆರಳಲ್ಲಿ ಅಣ್ಣನ ಮದುವೆಯ ಗೋರಂಟಿ ಉಳಿದಿದೆಯಲ್ಲ — ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಜುರೈದಾಳಿಗೆ ಸೊಂಟದ ಕೆಳಗೆ ಏನೂ ಇಲ್ಲ, ನೋವೂ ಇಲ್ಲ, ಮೂರು ತಿಂಗಳಲ್ಲಿ ಮೊದಲ ಸಲ, ಎದುರಿನ ಪರದೆಯ ಮೇಲೆ ಮಂಡಿಯ ಒಳಗು, ಎಳನೀರಿನ ಗಂಜಿಯಷ್ಟು ಬಿಳಿ, ಇದಕ್ಕೇ ಇಷ್ಟು ರಂಪ. ತುಂಪತ್ ಊರಿನ ಆಟದಂಗಳದಲ್ಲಿ ಎಡಗಾಲು ವೃತ್ತದೊಳಗೆ ನೆಟ್ಟು, ಬಲಗಾಲು ತಲೆಯೆತ್ತರಕ್ಕೆ ಎತ್ತಿ ಬೆತ್ತದ ಚೆಂಡನ್ನು ಬಲೆಯಾಚೆಗೆ ಒದೆಯುವಾಗ ಟಪ್ ಎಂದಿತ್ತು, ಚೆಂಡಲ್ಲ, ಮಂಡಿ, ಬಿದ್ದವಳ ಕಣ್ಣಿಗೆ ಚೆಂಡು ಇನ್ನೂ ಮೇಲೇ ಇತ್ತು, ಏನಾಗಲ್ಲ ಬಿಡೇ, ನರ ಹೊರಳಿದೆ ಅಷ್ಟೆ, ಎಂದು ಆಟ ಕಲಿಸುವ ರಮ್ಲಿ ಮೇಷ್ಟ್ರೇ ಎಣ್ಣೆ ತಿಕ್ಕುವ ಅಜ್ಜನ ಹತ್ತಿರ ಎಳೆದೊಯ್ದದ್ದು, ಅಜ್ಜ ಮಂಡಿ ಹಿಡಿದು ತಿರುಚಿದ್ದು, ಚೀರಬೇಡ ಮಗಳೇ, ಚೀರಿದ್ರೆ ನರ ಜಾಗಕ್ಕೆ ಕೂರಲ್ಲ, ಅವಳು ತುಟಿ ಕಚ್ಚಿ ಸುಮ್ಮನಿದ್ದಳು, ದಡ್ಡಿ, ಪಟ್ಟಿ ಬಿಗಿದು ಮತ್ತೆ ಮೂರು ಪಂದ್ಯ ಆಡಿದಳು, ಗೆದ್ದಳು ಬೇರೆ, ಚೂರು ಹರಿದಿದ್ದ ಮಂಡಿಯೊಳಗಿನ ಮೆತ್ತೆ ಉದ್ದಕ್ಕೂ ಹರಿಯಿತು.

ನೋಡಮ್ಮ, ಡಾಕ್ಟರ್ ಯೀ ಕೇಳುತ್ತಿದ್ದಾರೆ, ಹೊಲಿಯೋಕೂ ಕತ್ತರಿಸೋಕೂ ಎರಡಕ್ಕೂ ರುಜು ಹಾಕಿದೀಯ, ಒಳಗೆ ನೋಡಿ ಹೇಳ್ತೀನಿ ಅಂದಿದ್ದೆ, ಹೊಲಿಯೋಕೆ ಬರೋ ಹಾಗಿದೆ, ಆದ್ರೆ ಆರು ತಿಂಗಳು ಆಟ ಇಲ್ಲ, ಹರಿದದ್ದನ್ನ ಕತ್ತರಿಸಿ ತೆಗೆದ್ರೆ ಎರಡೇ ತಿಂಗಳು, ನಿಮ್ಮ ಮೇಷ್ಟ್ರು ಕತ್ತರಿಸಿ ಅಂತಿದ್ರು — ಅಂದೇ ಅಂದಿರುತ್ತಾರೆ, ಕಪ್ ಇರುವುದು ಇನ್ನು ಮೂರು ತಿಂಗಳಿಗೆ, ಚೆಂಡು ನಿನಗೋಸ್ಕರ ಕಾಯಲ್ಲ ಕಣೇ, ಇದೇ ಮಾತನ್ನು ರೊಹಾನಿ ಅಕ್ಕನಿಗೂ ಹೇಳಿದ್ದರು, ತನಗಿಂತ ಮುಂಚೆ ಅದೇ ವೃತ್ತದಲ್ಲಿ ನಿಂತವಳು, ಕತ್ತರಿಸಿಕೊಂಡಳು, ಎರಡೇ ತಿಂಗಳಿಗೆ ಪದಕ, ಪೇಪರಿನಲ್ಲಿ ಫೋಟೋ, ಈಗ ಮೂವತ್ತಮೂರಕ್ಕೆ ಮನೆಯ ಮರದ ಮೆಟ್ಟಿಲನ್ನು ಬೆನ್ನು ಮುಂದಾಗಿ ಇಳಿಯುತ್ತಾಳೆ, ಕಂಬ ಹಿಡಿದು, ಒಂದೊಂದೇ, ನಗಬೇಡ್ವೇ, ಏಡಿ ಹತ್ರ ಪಾಠ ಹೇಳಿಸ್ಕೊಂಡಿದೀನಿ, ನಕ್ಕಿದ್ದು ರೊಹಾನಿ ಅಕ್ಕನೇ, ಮೇಷ್ಟ್ರು ಆ ಮೆಟ್ಟಿಲು ಹತ್ತಿ ಅವಳನ್ನು ನೋಡಲು ಬರಲಿಲ್ಲ, ಒಂದು ದಿನವೂ. ಇನ್ನೊಬ್ಬಳನ್ನು ನಿಲ್ಲಿಸಿಯಾರು, ನಿಲ್ಲಿಸಲಿ, ನಿನ್ನ ಜಾಗ ಹೋಗುತ್ತೆ, ಹೋಗಲಿ, ಅಜ್ಜನ ಮುಂದೆ ನುಂಗಿದ ಚೀರು ಗಂಟಲಲ್ಲೇ ಇದೆ, ಹೊಲೀರಿ ಡಾಕ್ಟ್ರೇ, ಏನು, ಹೊಲೀರಿ ಅಂದೆ, ಮೇಷ್ಟ್ರು ಕೇಳಿದ್ರೆ ಮಂಡಿ ಅವರದ್ದಲ್ಲ ಅನ್ನಿ — ನರ್ಸಮ್ಮ ಬೆಚ್ಚಿದಳು, ಇಷ್ಟು ಜೋರಾಗಿ ಹೇಳಿದಳೇ, ಹೇಳಿದಳು, ಪರದೆಯ ಮೇಲೆ ಸೂಜಿ ಬಂತು, ನೂಲು ಎಳೆಯಿತು, ಬಿಳಿಯ ಮೇಲೆ ನೀಲಿ ನೂಲು, ಎಳೀರಿ, ಚೆಂಡು ಕಾಯಲ್ಲವಂತೆ, ಯಾರು ಹೇಳಿದ್ದು, ಆವತ್ತಿನ ಚೆಂಡು ಕೆಳಗೆ ಬಿದ್ದದ್ದನ್ನು ಅವಳಂತೂ ನೋಡಿಲ್ಲ, ಬೆತ್ತದ ಚೆಂಡು, ಸಂದುಗಳಲ್ಲಿ ಆಕಾಶ, ಮೇಲೇ ಇದೆ, ಇನ್ನೂ ಮೇಲೇ