ಬಾನೆಟ್ಟಿನ ಮೇಲಿನ ಅಂಕಿ

ಪೇಂಟರ್‌ಗೆ ಅನುಮಾನ ಎನ್ನುವುದು ಕಾಯಿಲೆಯಲ್ಲ, ಕಸುಬು. ಮೂವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದವನು ಅವನು. "ಒಬ್ಬರೇ ಓನರ್ರು, ಮನೆಯಿಂದ ಆಫೀಸಿಗೆ ಮಾತ್ರ ಓಡಿಸಿರೋದು" ಎಂದು ಹೇಳಿಕೊಂಡು ಬಂದ ಗಾಡಿಯ ಬಾಗಿಲಿಗೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ತಗಡಿನ ಸದ್ದೋ, ನಗ್ಗು ಮುಚ್ಚಲು ಮೆತ್ತಿದ ಪುಟ್ಟಿಯ ಸದ್ದೋ ಅವನಿಗೆ ತಿಳಿದುಬಿಡುತ್ತಿತ್ತು. ಬಣ್ಣ ಇರುವುದೇ ಮುಚ್ಚಿಡುವುದಕ್ಕೆ ಎಂಬುದು ಅವನ ಸಿದ್ಧಾಂತ. ಅದನ್ನು ಗಾಡಿಗಳಿಗಷ್ಟೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು, ಮನುಷ್ಯರಿಗೂ ಹಚ್ಚಿದ್ದ. ಅಳಿಯ ಫೋನು ಮಾಡಿ ಆರೋಗ್ಯ ವಿಚಾರಿಸಿದರೆ ಇವನಿಗೆ ಏನು ಬೇಕಾಗಿದೆಯೋ ಎಂದು ಯೋಚನೆ. "ಕನ್ನಡಿಯಲ್ಲಿ ತಮ್ಮ ಮುಖ ಕಂಡ್ರೂ ಯಾರಪ್ಪ ನೀನು ಅಂತ ಕೇಳೋ ಜನ ಇವರು" ಎಂದು ಹೆಂಡತಿ ಬಂದವರೆದುರು ನಗುತ್ತಿದ್ದಳು.

ಇಂಥ ಮನುಷ್ಯ ಲೋಕದಲ್ಲಿ ಕಣ್ಣುಮುಚ್ಚಿ ನಂಬಿದ್ದು ಒಬ್ಬರನ್ನೇ, ತನ್ನ ಅಮ್ಮನನ್ನು. ಅಮ್ಮ ಹಾಗೆ ನಂಬಿದ್ದು ತನ್ನ ಅಪ್ಪನನ್ನು. ಆ ಅಪ್ಪ, ಅಂದರೆ ಪೇಂಟರ್‌ನ ತಾತ, ಬೆಟ್ಟಕ್ಕೆ ಮೊಟ್ಟಮೊದಲು ಮೋಟಾರು ರಸ್ತೆ ಕಡಿದ ವರ್ಷ ನಡೆದ ಕಾರು ಪಂದ್ಯವನ್ನು ಗೆದ್ದವನು ಎಂದು ಅಮ್ಮ ಹೇಳುತ್ತಿದ್ದಳು. ಪೇಪರಿನವರು ಬರೆದದ್ದು ಮಾತ್ರ ಬೇರೆ.

ನಡೆದದ್ದು ಇಷ್ಟು. ಹತ್ತಿಗಿರಣಿಯ ಧಣಿಯೊಬ್ಬ ಆ ಪಂದ್ಯಕ್ಕೆ ಒಂದೇ ಅಚ್ಚಿನಲ್ಲಿ ಹಾಕಿದಂಥ ಎರಡು ಕಾರು ಇಳಿಸಿದ್ದ. ಒಂದನ್ನು ತಾನೇ ಓಡಿಸಿದ, ಇನ್ನೊಂದನ್ನು ಅವನ ಮೆಕ್ಯಾನಿಕ್ಕಾಗಿದ್ದ ತಾತ ಓಡಿಸಿದ. ಒಂಬತ್ತನೇ ನಂಬರಿನ ಕಾರು ಗುರಿ ದಾಟುವ ಫೋಟೋ ಪೇಪರಿನಲ್ಲಿ ಬಂತು. ಒಳಗೆ ಕೂತವನ ಕಣ್ಣಿಗೆ ದಪ್ಪ ಗಾಜು, ಮುಖದ ತುಂಬ ಧೂಳು. ಹೆತ್ತ ತಾಯಿಗೂ ಗುರುತು ಸಿಗುವಂತಿರಲಿಲ್ಲ. ಕೆಳಗೆ ಧಣಿಯ ಹೆಸರು ಹಾಕಿದರು. 'ಒಂಬತ್ತು ನನ್ನ ಗಾಡಿ' ಎಂದು ತಾತ ಸಾಯುವತನಕ ಹೇಳಿದ. ಮೆಕ್ಯಾನಿಕ್ಕಿನ ಮಾತನ್ನು ಕೇಳುವವರು ಯಾರು?

ಪೇಂಟರ್ ಹಳೇ ರಸ್ತೆ ಸಂಘಕ್ಕೆ ಸೇರಿದ್ದು ಈ ಒಂದು ಕಾರಣಕ್ಕೆ. ಉಳಿದವರು ಪ್ರೀತಿಗೆ ಸೇರಿದವರು. ಭಾನುವಾರ ಬಂತೆಂದರೆ ಗುದ್ದಲಿ, ಸುಣ್ಣದ ಬಕೆಟ್ಟು ಹಿಡಿದು ಈಗ ಯಾರೂ ಓಡಾಡದ, ಪಂದ್ಯ ನಡೆದ ಆ ಹಳೇ ರಸ್ತೆಗೆ ಹೋಗಿ, ಚರಂಡಿಯ ಮಣ್ಣು ಎತ್ತಿ, ಮೈಲಿಗಲ್ಲುಗಳಿಗೆ ಸುಣ್ಣ ಬಳಿದು, ತಿರುವಿನಲ್ಲಿ ನಿಂತು "ಇಲ್ಲಿ ಹೆಂಗೆ ತಿರುಗಿಸಿರಬಹುದು ರೀ!" ಎಂದು ಬಾಯಿ ಬಿಟ್ಟುಕೊಂಡು ನೋಡುವ ಜನ. ಹಳೆಯ ಪೆಟ್ರೋಲ್ ಬಂಕಿನ ಹಿಂದಿನ ಶೆಡ್ಡು ಅವರ ಠಿಕಾಣಿ. ಅಲ್ಲಿ ತುಕ್ಕು ಹಿಡಿದ ಹಾರನ್ನುಗಳು, ಸೀಮೆಎಣ್ಣೆ ದೀಪಗಳು, ಮತ್ತೆ ನಡುಮಧ್ಯದಲ್ಲಿ ತಾತನ ಕಾರು. ಧಣಿ ಸಾಲದಲ್ಲಿ ಮುಳುಗಿದಾಗ ತಾತನಿಗೆ ಬಿಟ್ಟುಕೊಟ್ಟಿದ್ದ ಗಾಡಿ ಅದು. ತಾತ ಬಹಳ ಕಾಲ ಇಟ್ಟುಕೊಂಡು, ಕೊನೆಗೆ ಇಟ್ಟಿಗೆ ಗೂಡಿನವರಿಗೆ ಮಾರಿದ್ದ. ಸಂಘದವರು ಅಲ್ಲಿಂದ ಎಳೆದುಕೊಂಡು ಬಂದಿದ್ದರು. ತಾತ ಪಂದ್ಯದಲ್ಲಿ ಓಡಿಸಿದ್ದು ಇದನ್ನೇ ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಇದರ ನಂಬರು ಒಂಬತ್ತೇ ಎನ್ನುವುದಕ್ಕೆ ಮಾತ್ರ ಪುರಾವೆ ಇರಲಿಲ್ಲ. ಆ ಕಾಲದಲ್ಲಿ ನಂಬರನ್ನು ಬಟ್ಟೆಯ ಮೇಲೆ ಬರೆದು ಬಾನೆಟ್ಟಿಗೆ ಕಟ್ಟುತ್ತಿದ್ದರು, ಪಂದ್ಯ ಮುಗಿದ ಮೇಲೆ ಬಿಚ್ಚಿ ಎಸೆಯುತ್ತಿದ್ದರು ಎಂಬುದು ಸಂಘದಲ್ಲಿ ವೇದವಾಕ್ಯ.

ಬೆಟ್ಟದ ತುದಿಯಲ್ಲಿ, ಪಂದ್ಯ ಮುಗಿದ ಜಾಗದಲ್ಲಿ, ಈಗೊಂದು ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಅದರಲ್ಲಿ ಗೆದ್ದವನ ಹೆಸರು ಕೆತ್ತಬೇಕು.

"ಪುರಾವೆ ಇದ್ರೆ ನಿಮ್ಮ ತಾತನ ಹೆಸರು, ಇಲ್ದಿದ್ರೆ ಪೇಪರಲ್ಲಿ ಬಂದಿರೋ ಹೆಸರು" ಎಂದರು ಅಧ್ಯಕ್ಷರು. ಅವರು ನಿವೃತ್ತ ದಂತವೈದ್ಯರು. "ಹುಳುಕು ಕಾಣದೆ ಹಲ್ಲು ಕೀಳಕ್ಕಾಗಲ್ಲ ನೋಡಿ."

ಅಮ್ಮನಿಗೆ ಎಂಬತ್ತು ದಾಟಿತ್ತು. ಭಾನುವಾರ ಸಂಜೆ ಮಗ ಚಪ್ಪಲಿ ಬಿಡುವ ಮೊದಲೇ "ಏನಾಯ್ತೋ?" ಎಂದು ಕೇಳುತ್ತಿದ್ದಳು. "ಆ ಕಲ್ಲಲ್ಲಿ ಅಪ್ಪನ ಹೆಸರು ಬೆರಳಿಟ್ಟು ಓದ್ಬೇಕು ಕಣೋ. ಆಮೇಲೆ ಕಣ್ಣು ಮುಚ್ಚಿದ್ರೂ ಸೈ."

ಈ ಹೊತ್ತಿಗೆ ಸರಿಯಾಗಿ ಸಂಘಕ್ಕೆ ಬಂದು ವಕ್ಕರಿಸಿದವನು ಭೂತಗನ್ನಡಿ.

ಉದ್ದನೆಯ, ಒಣಕಲು ಆಸಾಮಿ. ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ ಇರುತ್ತಿದ್ದುದರಿಂದ ಆ ಹೆಸರು. ಮೊದಲು ಏನು ಕೆಲಸದಲ್ಲಿದ್ದಿರಿ ಎಂದರೆ "ಅದೂ ಇದೂ" ಎನ್ನುತ್ತಿದ್ದ. ಅದೂ ಇದೂ ಎನ್ನುವ ಕೆಲಸ ಯಾವ ಆಫೀಸಿನಲ್ಲಿದೆ? ಉಳಿದವರೆಲ್ಲ ರಸ್ತೆಗೆ ಹೋದರೆ ಇವನು ಮಂಡಿನೋವೆಂದು ಶೆಡ್ಡಿನಲ್ಲೇ ಉಳಿಯುತ್ತಿದ್ದ. ಒಮ್ಮೆ ಪೇಂಟರ್ ಬೇಕೆಂದೇ ಬೇಗ ಹಿಂತಿರುಗಿದಾಗ, ಕಾರಿನ ಪಕ್ಕ ಮಂಡಿಯೂರಿ ಕೂತಿದ್ದವನು ದಡಬಡಿಸಿ ಎದ್ದು ಏನನ್ನೋ ಜೇಬಿಗೆ ಹಾಕಿಕೊಂಡ. ನೋಯುವ ಮಂಡಿಯನ್ನು ಊರಿ ಕೂರುವವರುಂಟೇ?

"ಏನ್ ಹುಡುಕ್ತಿದ್ರಿ?"

"ಏನಿಲ್ಲ, ಸುಮ್ನೆ" ಎಂದವನು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅವನು ಹೋದ ಮೇಲೆ ಪೇಂಟರ್ ಬಾನೆಟ್ಟಿನ ಪಕ್ಕವನ್ನು ಅಂಗೈಯಿಂದ ಸವರಿದ. ಒಂದು ಕಡೆ ಬೆರಳು ಜಾರಿತು. ಮೂಸಿ ನೋಡಿದ. ಬೂಟ್ ಪಾಲಿಶ್! ಚಿಂದಿಯಿಂದ ಒರೆಸಿದಾಗ ಕೆಳಗೆ ಬೆಂಕಿಪೊಟ್ಟಣದಷ್ಟು ಅಗಲ ಬಣ್ಣ ಕೆರೆದಿರುವುದು ಕಂಡಿತು. ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಬೂದಿ, ಬೂದಿಯ ಕೆಳಗೆ ಮತ್ತೆ ಕಪ್ಪು. ಎಲ್ಲಕ್ಕಿಂತ ಅಡಿಯಲ್ಲಿ ಬಾಗಿದ ಒಂದು ಬಿಳಿ ಗೀಟು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕಸುಬಿನಲ್ಲಿ ಕಲಿತವನು ಅವನು. ಪುಟ್ಟಿ ಎಂದುಕೊಂಡ. ನಗ್ಗಿದ ಕಡೆ ಯಾವನೋ ಪುಟ್ಟಿ ಮೆತ್ತಿದ್ದಾನೆ, ಇವನು ಅದನ್ನು ಕೆರೆದು ಮೇಲೆ ಪಾಲಿಶ್ ಬಳಿದು ಮುಚ್ಚಿದ್ದಾನೆ. ಯಾಕೆ?

ಉತ್ತರ ಆ ವಾರದಲ್ಲೇ ಸಿಕ್ಕಿತು, ಅಥವಾ ಸಿಕ್ಕಿತೆಂದು ಪೇಂಟರ್ ತಿಳಿದ. ಕಾಫಿ ಅಂಗಡಿಯ ಮೂಲೆ ಮೇಜಿನಲ್ಲಿ ಭೂತಗನ್ನಡಿ ಕೂತಿದ್ದ. ಎದುರಿಗೆ ಆ ಧಣಿಯ ಮೊಮ್ಮಗ! ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಏನನ್ನೋ ನೋಡುತ್ತಿದ್ದರು. ಇನ್ನೇನು ಬೇಕು? ಇದು ಪಂದ್ಯದ ಗಾಡಿಯೇ ಅಲ್ಲ, ಪುಟ್ಟಿ ಮೆತ್ತಿದ ಗುಜರಿ ಎಂದು ಸಾಧಿಸಲಿಕ್ಕೆ ಧಣಿಯ ಮನೆಯವರೇ ಇವನನ್ನು ಬಿಟ್ಟಿದ್ದಾರೆ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು, "ಕಲ್ಲು ನಿಲ್ಲಿಸೋ ದಿನಕ್ಕೆ ಗಾಡಿ ಸ್ವಲ್ಪ ಲಕ್ಷಣವಾಗಿ ಕಂಡ್ರೆ ಚೆನ್ನ. ಪೇಂಟರ್ರೇ, ನೋಡ್ತೀರಾ?" ಎಂದರು.

ಭೂತಗನ್ನಡಿ ಎದ್ದೇ ನಿಂತ. "ಬಣ್ಣ ಮುಟ್ಬೇಡಿ. ದಯವಿಟ್ಟು."

"ಯಾಕೆ ಸ್ವಾಮಿ?"

"ಇನ್ನೆರಡು ವಾರ ಕೊಡಿ, ಹೇಳ್ತೀನಿ."

"ಈಗ್ಲೇ ಹೇಳ್ಬಿಡಿ, ಎಲ್ಲರೂ ಇದೀವಲ್ಲ" ಎಂದ ಪೇಂಟರ್. ಭೂತಗನ್ನಡಿ ಅವನ ಮುಖವನ್ನೊಮ್ಮೆ ನೋಡಿ ಕೂತುಬಿಟ್ಟ. ಬೇಕಾದವನು ಬಾಯಿ ಬಿಡುತ್ತಾನೆ, ಮುಚ್ಚಿಡುವವನು ವಾಯಿದೆ ಕೇಳುತ್ತಾನೆ. ಪೇಂಟರ್ ಅಲ್ಲೇ ನಿರ್ಧಾರ ಮಾಡಿದ.

ಶನಿವಾರ ಬೆಳಿಗ್ಗೆಯೇ ಶೆಡ್ಡಿನ ಬೀಗ ತೆಗೆದ. ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು. ಬೇರೆಯವರನ್ನು ನಂಬಿ ಕೊಡುವವನೇ ಅವನು? ನೀರು ಹಾಕಿ ಮರಳು ಕಾಗದದಿಂದ ಉಜ್ಜಲು ಶುರು ಮಾಡಿದ. ಕಪ್ಪು ಹೋಯಿತು, ಹಸಿರು ಹೋಯಿತು, ಬೂದಿ ಹೋಯಿತು, ಅಡಿಯ ಕಪ್ಪೂ ಹೋಯಿತು, ಅದರ ಜೊತೆಗೆ ಅಲ್ಲಲ್ಲಿ ಬಿಳಿಯ ನೀರು ಹಾಲಿನಂತೆ ಹರಿದು ನೆಲಕ್ಕಿಳಿಯಿತು. ಬರಿ ತಗಡು ಹೊಳೆಯುವವರೆಗೆ ಬಿಡಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಪ್ರೈಮರ್ ಹೊಡೆದು, ಸಂಜೆಯೊಳಗೆ ಎರಡು ಕೈ ಕೆಂಪು ಬಣ್ಣ ಹೊಡೆದ. ಬೇಗ ಒಣಗುವ ಬಣ್ಣ, ಕಸುಬಿನಲ್ಲೇ ಇಷ್ಟು ಚೆನ್ನಾಗಿ ಅವನು ಯಾವತ್ತೂ ಹೊಡೆದಿರಲಿಲ್ಲ. ಇನ್ನು ಏನು ಕೆರೀತೀಯೋ ಕೆರಿ ಮಗನೇ ಎಂದುಕೊಂಡು ಶಿಳ್ಳೆ ಹಾಕುತ್ತಾ ಮನೆಗೆ ಹೋದ. "ಅಮ್ಮ, ನಾಳೆ ತಾತನ ಗಾಡಿ ನೋಡಕ್ಕೆ ಬಾ" ಎಂದ.

ಭಾನುವಾರ ಎಲ್ಲರೂ ರಸ್ತೆಗೆ ಹೋಗಿದ್ದರು. ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದು, ಮೊದಲು ಬಾಗಿಲು ತೆಗೆದು ಬರುತ್ತೇನೆಂದು ಪೇಂಟರ್ ಇಳಿದರೆ, ಭೂತಗನ್ನಡಿ ಆಗಲೇ ಬಾಗಿಲ ಬಳಿ ಕಾಯುತ್ತಿದ್ದ. ಇಬ್ಬರೂ ಒಳಗೆ ಹೋದರು. ಭೂತಗನ್ನಡಿ ಕೆಂಪು ಕಾರನ್ನು ನೋಡಿ, ಪಕ್ಕದಲ್ಲಿದ್ದ ಟೈರಿನ ಮೇಲೆ ಕುಸಿದು ಕೂತ.

"ಉಜ್ಜಿ ಹೊಡೆದ್ರಾ, ಮೇಲಷ್ಟೇ ಹೊಡೆದ್ರಾ?"

"ತಗಡಿನ ತನಕ ಉಜ್ಜಿದೆ. ಯಾಕೆ, ನಿಮ್ಮ ಪುಟ್ಟಿ ಹೋಯ್ತು ಅಂತ ಬೇಜಾರಾ?"

"ಪುಟ್ಟಿ ಅಲ್ರೀ ಅದು. ಅಂಕಿ."

ಭೂತಗನ್ನಡಿ ಜೇಬಿನಿಂದ ಒಂದು ಹಳೇ ಫೋಟೋ ತೆಗೆದು ಕೊಟ್ಟ. ಧಣಿಯ ಮೊಮ್ಮಗನನ್ನು ಕಾಡಿ ಬೇಡಿ ಅವರ ಮನೆಯ ಆಲ್ಬಮ್ಮಿನಿಂದ ತಂದದ್ದು. ಪಂದ್ಯದ ಬೆಳಿಗ್ಗೆ ಎರಡು ಕಾರುಗಳು ನಿಂತಿವೆ. ಒಬ್ಬ ಕುಂಚ ಹಿಡಿದು ಬಗ್ಗಿ ಬಾನೆಟ್ಟಿನ ಮೇಲೆಯೇ ನಂಬರು ಬರೆಯುತ್ತಿದ್ದಾನೆ. ಬಟ್ಟೆಯಿಲ್ಲ, ದಾರವಿಲ್ಲ. ಬರೆಯುವವನ ಬೆನ್ನು ಅಂಕಿಗಳನ್ನು ಮರೆಮಾಡಿತ್ತು.

"ವಾರಕ್ಕೆ ಒಂದೊಂದು ಬೆರಳಗಲ ಬಿಡಿಸ್ತಿದ್ದೆ" ಎಂದ ಭೂತಗನ್ನಡಿ. "ಮ್ಯೂಸಿಯಮ್ಮಿನಲ್ಲಿ ಇದೇ ಕೆಲಸ ಆಗಿತ್ತು ನಂದು, ಹಳೇ ಚಿತ್ರಗಳ ಮೇಲಿನ ಬಣ್ಣ ತೆಗೆಯೋದು. ಅಂಕಿಯ ತಲೆಭಾಗದ ಕಮಾನು ಮಾತ್ರ ಸಿಕ್ಕಿತ್ತು. ಒಂಬತ್ತಾಗಿರಬಹುದು. ಎಂಟಾಗಿರಬಹುದು. ಎರಡು, ಮೂರು, ಏನು ಬೇಕಾದ್ರೂ ಆಗಿರಬಹುದು. ಇನ್ನೆರಡು ವಾರ ಸಿಕ್ಕಿದ್ರೆ..."

ಪೇಂಟರ್ ಫೋಟೋವನ್ನು ಅವನ ಕೈಗೆ ತುರುಕಿದ. "ಮೊದ್ಲೇ ಹೇಳಕ್ಕೇನಾಗಿತ್ತು ನಿಮಗೆ!" ಎಂದು ಕೂಗಿದ.

"ನೀವು ಪೇಂಟರ್ರು. ಗಾಡಿ ಓಡಿಸಿದವರ ಮೊಮ್ಮಗ ಬೇರೆ. ಬೀಗದ ಕೈಯೂ ನಿಮ್ಮ ಹತ್ರಾನೇ. ಅಲ್ಲಿ ಅಂಕಿ ಇದೆ ಅಂತ ಗೊತ್ತಾದ್ರೆ ಮಿಕ್ಕಿದ್ದನ್ನ ನೀವೇ ಬರೆದುಬಿಡ್ತೀರಿ ಅಂತ ಅನುಮಾನ. ಪೂರ್ತಿ ಬಿಡಿಸಿ ನಾಲ್ಕು ಜನರ ಮುಂದೆ ತೋರಿಸೋಣ ಅಂತಿದ್ದೆ."

ಪೇಂಟರ್‌ಗೆ ಸಿಟ್ಟು ಮಾಡಿಕೊಳ್ಳಲೂ ದಾರಿ ಉಳಿಯಲಿಲ್ಲ. ಅವನ ಜಾಗದಲ್ಲಿ ತಾನಿದ್ದಿದ್ದರೂ ಹಾಗೆಯೇ ಮಾಡುತ್ತಿದ್ದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಬರಿ."

ಇಬ್ಬರೂ ತಿರುಗಿ ನೋಡಿದರು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲವೂ ಕಿವಿಗೆ ಬಿದ್ದಿತ್ತು.

"ಒಂಬತ್ತು ಬರಿ. ಅದರ ಮೇಲೆ ನಾಲ್ಕು ಬಣ್ಣ ಹೊಡಿ. ಆಮೇಲೆ ಈ ಸ್ವಾಮಿಯೋರು ಕೆರೆದು ಎಲ್ಲರಿಗೂ ತೋರಿಸ್ಲಿ. ನಿನಗೆ ಬರದ ಕೆಲಸವೇನೋ ಅದು?"

"ಅಮ್ಮ..."

"ಇದ್ದದ್ದನ್ನ ಉಜ್ಜಿದೋನು ನೀನು. ಇದ್ದದ್ದನ್ನೇ ಬರಿ ಅಂತಿದೀನಿ. ಸುಳ್ಳು ಬರಿ ಅಂದ್ನಾ ನಾನು?"

ಭೂತಗನ್ನಡಿ ಫೋಟೋವನ್ನು ಜೇಬಿಗಿಟ್ಟುಕೊಂಡು, "ನಾನು ಹೊರಗಿರ್ತೀನಿ" ಎಂದು ನೆಲ ನೋಡುತ್ತಾ ಆಚೆ ಹೋದ. ತಾನು ಏನನ್ನೂ ಕೇಳಿಲ್ಲ ಎನ್ನುವ ಹಾಗಿತ್ತು ಅವನ ನಡಿಗೆ.

ಬರೆಯುವುದು ಕಷ್ಟವೇನಲ್ಲ. ಬಿಳಿಗೆ ಚೂರು ಹಳದಿ ಬೆರೆಸಿ ಹಳತು ಮಾಡುವುದು, ಮೇಲಿನ ಪದರಗಳನ್ನು ಬಿಸಿಗಾಳಿಯಲ್ಲಿ ಬಿರುಕು ಬಿಡಿಸುವುದು, ಎಲ್ಲವೂ ಅವನಿಗೆ ಬರುತ್ತಿತ್ತು. ಅಮ್ಮನ ಮುಖ ನೋಡಿದ. ಅವಳ ಆಸೆ ತೀರಿಸುವುದಾದರೆ ಈಗಲೇ ತೀರಿಸಬೇಕು, ಇನ್ನೆಷ್ಟು ದಿನ ಇರುತ್ತಾಳೆ ಇವಳು? ಕಪಾಟಿನಿಂದ ಕುಂಚ ತೆಗೆದುಕೊಂಡೂಬಿಟ್ಟ. ಆಗ, ಕೇಳಬೇಕೆಂದು ಕೇಳಿದ್ದಲ್ಲ, ಮಾತು ತಾನಾಗಿ ಬಾಯಿಂದ ಜಾರಿತು.

"ಅಮ್ಮ, ಒಂಬತ್ತು ಅಂತ ನೀನು ಯಾವತ್ತಾದ್ರೂ ಕಣ್ಣಾರೆ ನೋಡಿದ್ಯಾ?"

"ನಾನಿನ್ನೂ ಹುಟ್ಟೇ ಇರ್ಲಿಲ್ಲ. ಅಪ್ಪ ಹೇಳ್ದ."

"ಹೂಂ" ಎಂದ ಪೇಂಟರ್. ಆದರೆ ತಲೆ ಒಮ್ಮೆ ಓಡಲು ಶುರುವಾದರೆ ಅದಕ್ಕೆ ಬ್ರೇಕಿಲ್ಲ. ಅಂಕಿಯ ಮೇಲೆ ಮೊಟ್ಟಮೊದಲು ಬಿದ್ದದ್ದು ಆ ಕಪ್ಪು ಬಣ್ಣ. ಪಂದ್ಯದಲ್ಲಿ ಓಡಿದ ಹಾಗೇ, ಮೇಲೊಂದು ಬಣ್ಣ ಬೀಳದೆ, ಗಾಡಿಯನ್ನು ಧಣಿ ಬಿಟ್ಟುಕೊಟ್ಟ, ತಾನು ಕಂಡಾಗಿನಿಂದ ಅದು ಕಪ್ಪು ಎಂದು ಅಮ್ಮನೇ ಎಷ್ಟೋ ಸಲ ಹೇಳಿದ್ದಳು. ಹಾಗಾದರೆ ಕಪ್ಪು ಹೊಡೆದವನು ತಾತನೇ. ಒಂಬತ್ತು ನನ್ನದು ಎಂದು ಊರೆಲ್ಲ ಸಾರಿಕೊಂಡು ತಿರುಗಿದವನು ಮನೆಯ ಮುಂದೆಯೇ ಇದ್ದ ಸಾಕ್ಷಿಯನ್ನು ಯಾಕೆ ತೋರಿಸಲಿಲ್ಲ? ಗೆದ್ದ ಅಂಕಿಯ ಮೇಲೆ ಯಾರಾದರೂ ಬಣ್ಣ ಹೊಡೆಯುತ್ತಾರೆಯೇ? ಏನಾದರೂ ಕಾರಣ ಇದ್ದಿರಬಹುದು, ಇಲ್ಲದೆಯೂ ಇರಬಹುದು. ತಗಡನ್ನು ಕೇಳೋಣವೆಂದರೆ ಅದನ್ನು ಉಜ್ಜಿ ಬಾಯಿ ಮುಚ್ಚಿಸಿದ್ದು ಅವನದೇ ಕೈ.

ಅವನು ಕುಂಚವನ್ನು ಕೆಳಗಿಟ್ಟ.

"ಬಣ್ಣ ಇನ್ನೂ ಒಣಗಿಲ್ಲ ಅಮ್ಮ. ಈಗ ಬರೆದ್ರೆ ಹರಡುತ್ತೆ. ಇನ್ನೊಂದಿನ ನೋಡೋಣ."

ಅಮ್ಮ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಕಾರಿನ ಬಳಿ ಬಂದು ಬಾನೆಟ್ಟಿನ ಮೇಲೆ ಅಂಗೈಯನ್ನು ಒತ್ತಿ ಇಟ್ಟಳು. ಆಮೇಲೆ ಆ ಅಂಗೈಯನ್ನು ಮಗನ ಮುಖದ ಮುಂದೆ ಹಿಡಿದಳು. ಒಂದು ಚುಕ್ಕಿ ಕೆಂಪೂ ಇರಲಿಲ್ಲ.

"ನಮ್ಮಪ್ಪನ ಮೇಲೂ ಅನುಮಾನ ಬಂತೇನೋ ನಿನಗೆ?" ಎಂದಳು.

ಪೇಂಟರ್ ಅವಳ ತೋಳು ಹಿಡಿಯಲು ಕೈ ಚಾಚಿದ. ಅವಳು ತೋಳನ್ನು ಹಿಂದಕ್ಕೆಳೆದುಕೊಂಡು ಬಾಗಿಲ ಕಡೆ ತಿರುಗಿದಳು.

"ಸ್ವಾಮಿ, ಇದೀರಾ? ಸ್ವಲ್ಪ ಕೈ ಹಿಡ್ಕೊಂಡು ನನ್ನನ್ನ ಆಟೋ ಹತ್ತಿಸ್ತೀರಾ?"