ಕಾಜಜ್ಜಿಯ ಪಾಳಿ

ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಚುಸ್ ಎಂದಿತು, ಆ ಹಬೆಯ ವಾಸನೆ ಬಂತೆಂದರೆ ಊಟದ ಹೊತ್ತು ಮುಗಿಯಿತು, ಇನ್ನು ಹೊಲಿಗೆ ಮಿಷನ್ನುಗಳ ಸದ್ದಿಲ್ಲ, ಬರೀ ಕೈಹೊಲಿಗೆ ಮತ್ತು ಓದು — ಇಷ್ಟು ವರ್ಷ ಈ ವಾಸನೆಗೇ ಕಾಜಜ್ಜಿಯ ಕಿವಿ ನೆಟ್ಟಗಾಗುತ್ತಿತ್ತು, ಇವತ್ತು ಬೇಡವಾಗಿತ್ತು, ಯಾಕೆಂದರೆ ಪುಸ್ತಕ ಅವಳದೇ ತೊಡೆಯ ಮೇಲಿದೆ, ಓದುವ ಪಾಳಿ ಅವಳದು. ಓದಜ್ಜಿ, ದೋಣಿಯವನ ಕತೆ ಏನಾಯ್ತು ಹೇಳು, ಎನ್ನುತ್ತಾನೆ ಇಸ್ತ್ರಿಯಣ್ಣ. ಏನಾಯಿತೋ, ಎರಡನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವಳು ಇವಳು, ಕಲಿಸಿದ್ದೆಲ್ಲ ಅಕ್ಕ, ಸಾಮಾನು ಕಟ್ಟಿ ಬಂದ ಕಾಗದವನ್ನು ನೆಲದ ಮೇಲೆ ಸವರಿ ಇವಳ ಬೆರಳು ಹಿಡಿದು ಅಕ್ಷರಗಳ ಕೆಳಗೆ ಎಳೆಯುತ್ತಿದ್ದಳು, ಎಣ್ಣೆ ಜಿಡ್ಡು ಹತ್ತಿದ ಕಡೆ ಹಿಂದಿನ ಪುಟದ ಅಕ್ಷರವೂ ಕಾಣುತ್ತಿತ್ತು, ಅದನ್ನೂ ಸೇರಿಸಿ ಓದ್ತೀಯಲ್ಲೇ ಕೋತಿ, ಇಬ್ಬರೂ ನಕ್ಕು ನಕ್ಕು ಬಿಕ್ಕಳಿಕೆ ಬಂದು — ಆ ಬೆರಳೇ ಇದು, ಈಗ ನಡುಗುತ್ತದೆ. ಊರೆಲ್ಲ ಕಾಜಜ್ಜಿ ಎಂದು ಕರೆಯುವುದೇ ಅಂಗಿಗೆ ಇವಳು ಹಾಕುವ, ಗುಂಡಿ ತೂರುವ ಕಾಜಕ್ಕೆ, ಆ ಕಾಜ ಈಗ ಒಂದು ಕಡೆ ಅಗಲ, ಒಂದು ಕಡೆ ಇಕ್ಕಟ್ಟು, ಮೊನ್ನೆ ಟೈಲರ್ ಮಾಸ್ಟರ್ ಹೆಬ್ಬೆರಳಿನಿಂದ ಸವರಿ ನೋಡಿ ಅಂಗಿಯನ್ನು ಬದಿಗಿಟ್ಟರು, ಬೈದಿದ್ದರಾದರೂ ಚೆನ್ನಾಗಿತ್ತು. ಮನೆಯಲ್ಲಿ ಕೂತು ಏನು ಮಾಡುವುದು, ಗೋಡೆ ಕತೆ ಹೇಳುತ್ತದೆಯೇ, ಗೋಡೆಯ ಜೊತೆ ನಗುವುದಕ್ಕಾಗುತ್ತದೆಯೇ, ಆದರೂ ಅವರು ಹೇಳುವ ಮೊದಲು ನಾನೇ ಕೆಲಸ ಬಿಡುತ್ತೇನೆ ಎಂದು ನಿನ್ನೆ ಬಾಯಿ ತೆರೆದದ್ದೇ ತಡ, ಇಷ್ಟು ದಿನ ಓದುತ್ತಿದ್ದ ಮಾಸ್ಟರ್ ಸೊಸೆ, ಅಜ್ಜಿ, ನಂಗೆ ಗಂಟಲು ಕಟ್ಟಿದೆ, ಇನ್ಮೇಲೆ ನೀವೇ ಓದ್ಬೇಕು, ಎಂದು ಪುಸ್ತಕ ಮಡಿಲಿಗೆ ಹಾಕಿದಳು. ಓದುವವರ ಪಾಲಿನ ಹೊಲಿಗೆ ಉಳಿದವರದ್ದು, ಅದು ಈ ಅಂಗಡಿಯ ಕಟ್ಟುಪಾಡು.

ದೋ-ಣಿ-ಯ-ವ-ನು, ಬೆರಳು ತೆವಳುತ್ತದೆ, ಒಂದು ಸಾಲಿಗೆ ಒಂದು ಯುಗ, ಯಾರೂ ಅವಸರ ಮಾಡುತ್ತಿಲ್ಲ, ಆಚೆ ದಡದಲ್ಲಿ ಬಿಟ್ಟುಬಂದ ಕುಂಟು ಆಡಿಗಾಗಿ ತುಂಬಿದ ಹೊಳೆಯಲ್ಲಿ ದೋಣಿ ತಿರುಗಿಸಿದ, ಅಯ್ಯೋ ಮುಠ್ಠಾಳ, ಆಡಿಗೋಸ್ಕರ ಯಾರಾದ್ರೂ ವಾಪಸ್ ಹೋಗ್ತಾರಾ, ಎಂದರು ಮಾಸ್ಟರ್, ನಿಮ್ಮನ್ನ ಬಿಟ್ಟು ಬಂದಿದ್ರೆ ನಾನಂತೂ ಹೋಗ್ತಿರ್ಲಿಲ್ಲ ಬಿಡಿ, ಎಂದ ಇಸ್ತ್ರಿಯಣ್ಣ, ಮಾಸ್ಟರ್ ಅಳತೆ ಟೇಪಿನಿಂದ ಅವನಿಗೊಂದು ಬಿಟ್ಟರು, ನಗು — ಆಹಾ, ಈ ನಗು, ತನ್ನ ಬಾಯಿಂದ ಬಂದ ಮಾತಿಗೆ! ಅಷ್ಟರಲ್ಲಿ ಬೀದಿಯಲ್ಲಿ ಗಾಡಿಯ ಗಂಟೆ, ಸೊಸೆ ಎದ್ದು ಕಿಟಕಿಯಿಂದ ಬಗ್ಗಿ, ಏಯ್ ಸೊಪ್ಪಿನವನೇ, ನಿಲ್ಲೋ, ನಿನ್ನೆ ಬಾಡಿದ್ ಸೊಪ್ಪು ತಲೆಗೆ ಕಟ್ಟಿ ಹೋದ್ಯಲ್ಲೋ! ಬೀದಿಯ ಆ ತುದಿಯ ನಾಯಿಯೂ ಬೊಗಳಿತು. ಸೊಸೆ ಗಂಟಲ ಮೇಲೆ ಕೈಯಿಟ್ಟು ಕೆಮ್ಮಿದಳು, ಇಸ್ತ್ರಿಯಣ್ಣ ಹಬೆಯೊಳಗೆ ಮುಖ ಮುಚ್ಚಿಕೊಂಡ, ಮಾಸ್ಟರಿಗೆ ಇದ್ದಕ್ಕಿದ್ದಂತೆ ಕತ್ತರಿ ಹುಡುಕುವ ಕೆಲಸ. ಓ. ಗಂಟಲು ಕಟ್ಟಿಲ್ಲ. ಇಸ್ತ್ರಿಯಣ್ಣ ದಿನಾ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುವವನು, ಮಾಸ್ಟರ್ ಕತೆ ಓದಿದರೆ ಕಣ್ಣಿಗೆ ಕಟ್ಟುತ್ತದೆ, ಇವರಲ್ಲಿ ಓದು ಬಾರದವರು ಯಾರು, ಇವಳೊಬ್ಬಳನ್ನು ಬಿಟ್ಟು — ಕೇಳಿದರೆ ಪಾಪ ಅವರಿಗೇ ನಾಚಿಕೆಯಾದೀತು, ಏನೂ ಗೊತ್ತಾಗಲಿಲ್ಲ ಎಂಬ ಹಾಗೆ ಕೆಮ್ಮಿಗೆ ಬಿಸಿನೀರು ಕುಡಿಯಮ್ಮ ಎಂದಳು, ಚೆನ್ನಾಗಿ ಓದಬೇಕು, ಇವರಿಗೆ ಕೊಡುವುದಕ್ಕೆ ಬೇರೇನಿದೆ, ಆ-ಡು, ಆಡು ದೋಣಿಯೊಳಕ್ಕೆ ಕಾಲಿಟ್ಟಿತು, ಸೊಸೆ ದಾರ ಕಚ್ಚಿ ತುಂಡರಿಸಿ ಅಂಗಿ ಕೊಡವಿ ಕಿಟಕಿಗೆ ಹಿಡಿದಳು, ಕಾಜಜ್ಜಿಯ ಪಾಲಿನ ಅಂಗಿ, ಸೊಸೆ ಹಾಕಿದ ಕಾಜಗಳೊಳಗಿಂದ ಬಿಸಿಲು ತೂರಿ, ಒಂದರ ಕೆಳಗೊಂದು ಗೀರು, ಯಾಕಜ್ಜಿ ನಿಲ್ಸಿದೆ, ಓದ್ತೀನಿ ತಾಳೋ, ಅಕ್ಷರ ಯಾಕೋ ಮಸುಕು, ಬೆರಳು ಸಾಲಿನ ಮೇಲೇ ಇದೆ, ಕಣ್ಣು ಮಾತ್ರ — ಒಂದರ ಕೆಳಗೊಂದು, ನೆಟ್ಟಗೆ, ಬಿಸಿಲಿನ ಗೀರು