ನೀಲಿ ಕಾರ್ಡಿಗೆ ಮೂರನೇ ಅರ್ಜಿ

ಎಲ್ಲಿಂದ ಶುರು ಮಾಡಲಿ? ಮಲಯ್ ದೇಶದ ತೈಪಿಂಗ್ ಊರಿನ ನೋಂದಣಿ ಕಚೇರಿಯ ಬೆಂಚಿನಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಮಾಲಿವಾನ್ ಮದುವೆಯಾಗಿ ಸಿಯಾಮಿನಿಂದ ಗಡಿ ದಾಟಿ ಬಂದ ದಿನದಿಂದ ಹೊರಡೋಣವೆಂದು ಎರಡು ಪುಟ ಬರೆದೆ. ರೈಲು, ಗಂಟುಮೂಟೆ, ಕಣ್ಣೀರು ಎಲ್ಲ ಇತ್ತು. ಅವಳ ಕಾಫಿ ಅಂಗಡಿಯಲ್ಲೇ ಕೂತು ಓದಿ ಹೇಳಿದೆ. ಅವಳು ಕಾಫಿ ಸೋಸುವುದನ್ನು ನಿಲ್ಲಿಸಲೇ ಇಲ್ಲ.

"ನಾನೆಲ್ಲಿ ಅತ್ತೆ? ಬಸ್ಸಲ್ಲಿ ಬಂದೆ. ದಾರಿಯುದ್ದಕ್ಕೂ ನಿದ್ದೆ ಹೊಡೆದೆ," ಎಂದಳು.

(ಎರಡು ಪುಟ ಹೋಯಿತು. ಹೋಗಲಿ ಬಿಡಿ, ಚೆನ್ನಾಗೇನೂ ಇರಲಿಲ್ಲ.)

೧.
ವಿಷಯ ಇಷ್ಟು. ಇಪ್ಪತ್ತಾರು ವರ್ಷದಿಂದ ಅವಳ ಹತ್ತಿರ ಇರುವುದು ಕೆಂಪು ಕಾರ್ಡು. ಅಂದರೆ ಇಲ್ಲಿ ಇರಬಹುದು, ದುಡಿಯಬಹುದು, ತೆರಿಗೆ ಕಟ್ಟಬಹುದು; ಓಟು ಹಾಕುವಂತಿಲ್ಲ. ಓಟಿಗೆ ನೀಲಿ ಕಾರ್ಡು ಬೇಕು, ಪೌರತ್ವ ಬೇಕು. ಚುನಾವಣೆ ಬಂದಾಗಲೆಲ್ಲ ಊರಿನವರು ಅವಳ ಅಂಗಡಿಯಲ್ಲೇ ಕೂತು ಜಗಳವಾಡುತ್ತಾರೆ. ಆ ಜಗಳದಲ್ಲಿ ಅವಳದೇ ದೊಡ್ಡ ದನಿ. ಕೊನೆಗೆ ಯಾರಾದರೊಬ್ಬರು "ನಿಂಗ್ಯಾಕಕ್ಕ ಇದೆಲ್ಲ, ನಿಂಗೆ ಓಟೇ ಇಲ್ವಲ್ಲ" ಎಂದುಬಿಡುತ್ತಾರೆ. ಆ ಮಾತಿಗೆ ಅವಳ ಮೈಯೆಲ್ಲ ಉರಿಯುತ್ತದೆ. ಎರಡು ಸಲ ಅರ್ಜಿ ಹಾಕಿದ್ದಳು, ಎರಡು ಸಲವೂ ಆಗಲಿಲ್ಲ. ಇದು ಮೂರನೆಯದು.

೨.
(ರಾಷ್ಟ್ರ ಎಂದರೇನು ಎಂದು ಇಲ್ಲಿ ಒಂದಿಡೀ ಪುಟ ಚಿಂತಿಸಿದ್ದೆ. ಹರಿದು ಹಾಕಿದೆ. ನೀವು ಬಚಾವ್.)

೩.
ಇಂಟರ್‌ವ್ಯೂನಲ್ಲಿ ಅವಳು ತಡವರಿಸುವಂತೆ ಬರೆಯಬೇಕೆಂದಿದ್ದೆ. ಅವಳು ತಡವರಿಸಲಿಲ್ಲ. ದೇಶದ ಐದು ತತ್ವಗಳನ್ನು ಮಲಯ್ ಭಾಷೆಯಲ್ಲಿ ಗಡಗಡ ಒಪ್ಪಿಸಿದಳು. ರಾಜ್ಯಗಳ ಹೆಸರು ಹೇಳಿದಳು. ಅಧಿಕಾರಿ ಹೆಂಗಸು ತಲೆದೂಗಿ, ಎಲ್ಲಕ್ಕಿಂತ ಸುಲಭದ ಪ್ರಶ್ನೆ ಕೇಳಿದಳು.

"ಅಕ್ಕ, ನಿಮ್ಮ ಪರವಾಗಿ ಇಬ್ಬರು ಸೈನ್ ಮಾಡಿದ್ದಾರಲ್ಲ, ಅವರ ಹೆಸರೇನು?"

ಮಾಲಿವಾನ್ ಬಾಗಿಲ ಕಡೆ ನೋಡಿದಳು; ಆ ಇಬ್ಬರೂ ಹೊರಗಿದ್ದರು.

ಕಾಫಿ ಅಂಗಡಿಯಲ್ಲಿ ಯಾರಿಗೂ ಹೆಸರಿಲ್ಲ, ಕುಡಿಯುವುದೇ ಹೆಸರು. (ನಾನು ಹನ್ನೊಂದು ವರ್ಷದಿಂದ 'ಅರ್ಧ ಹಾಲು'.) ಫಾರಂ ತುಂಬಿದವನು ಅವಳ ಗಂಡ ಬೂನ್ ತೆಯ್ಕ್. ಸಾಕ್ಷಿಗಳು ತಿಂಡಿ ತಿನ್ನುತ್ತಲೇ ತಮ್ಮ ವಿವರ ಹೇಳಿ, ಕಾಗದ ಓದದೆ ಸೈನ್ ಹಾಕಿದ್ದರು.

"ಒಬ್ರು ಸಕ್ಕರೆ ಇಲ್ಲದ ಕಪ್ಪು ಕಾಫಿ," ಎಂದಳು. "ಬಸ್ ಓಡಿಸ್ತಿದ್ರು. ಹೆಂಡ್ತಿ ಹೋದ್ಮೇಲೆ ಮೂರು ತಿಂಗಳು ಸಕ್ಕರೆ ಹಾಕಿಸ್ಕೊಂಡ್ರು, ಆಮೇಲೆ ಬಿಟ್ರು. ಇನ್ನೊಬ್ರು ಶುಂಠಿ ಟೀ. ಬಟ್ಟೆ ಹೊಲೀತಾರೆ. ಮಗಳ ಮೇಲೆ ಸಿಟ್ಟು ಬಂದ್ರೆ ಎರಡು ಲೋಟ ಕುಡೀತಾರೆ."

"ಹೆಸರು, ಅಕ್ಕ?"

"ಹೆಸರು ಬಿಟ್ಟು ಎಲ್ಲ ಗೊತ್ತು."

ಅಧಿಕಾರಿ ಪೆನ್ನು ಕೆಳಗಿಟ್ಟು, ಹೊರಗೆ ಕಾಯುತ್ತಿದ್ದ ಸಾಕ್ಷಿಗಳನ್ನು ಒಳಗೆ ಕರೆಸಿದಳು. ಡ್ರೈವರ್ ಸೆಲ್ವರತ್ನಂ, ಟೈಲರ್ ಹಸ್ನಾ. ಇಬ್ಬರೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು.

"ಇವರ ಹೆಸರು ಹೇಳಿ," ಎಂದು ಮಾಲಿವಾನ್ ಕಡೆ ತೋರಿಸಿ ಸಾಕ್ಷಿಗಳನ್ನು ಕೇಳಿದಳು.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಸಿಯಾಮಿ ಅಕ್ಕ," ಎಂದರು ಸೆಲ್ವರತ್ನಂ. ಹಸ್ನಾ ಹೌದೆಂದು ತಲೆಯಾಡಿಸಿದಳು.

ಮಾಲಿವಾನ್‌ಗೆ ಆಗ ನಿಜವಾಗಿ ನೋವಾಯಿತು. ಇಪ್ಪತ್ತಾರು ವರ್ಷ ಕಾಫಿ ಕೊಟ್ಟರೂ ಅವಳ ಪರ ನಿಲ್ಲಲು ಬಂದವರ ಬಾಯಲ್ಲಿ ಅವಳಿನ್ನೂ ಗಡಿಯ ಆಚೆಯವಳೇ. (ಇಲ್ಲಿ ಅವಳ ಕಣ್ಣಲ್ಲಿ ನೀರು ತರಿಸಲು ಮತ್ತೊಮ್ಮೆ ನೋಡಿದೆ. ಲೇಖಕರಿಗೆ ಇದೊಂದು ಚಟ.) ಅವಳು ಕುರ್ಚಿಯನ್ನೇ ಅವರ ಕಡೆ ತಿರುಗಿಸಿದಳು.

"ನನ್ನ ಹೆಸರು ಮಾಲಿವಾನ್. ಈಗ ನಿಮ್ಮಿಬ್ಬರದ್ದೂ ಹೇಳಿ."

ಅವರು ಹೇಳಿದರು. ಅಧಿಕಾರಿ ಏನೋ ಬರೆದುಕೊಂಡು, ಪತ್ರ ಬರುತ್ತದೆ ಎಂದಳು. ಏನು ಬರೆದುಕೊಂಡಳೆಂದು ನನಗೂ ಗೊತ್ತಿಲ್ಲ.

೬.
(ನಾಲ್ಕನೆಯ ಭಾಗದಲ್ಲಿ ಅವಳಿಗೆ ನೀಲಿ ಕಾರ್ಡು ಬಂದು ಅಂಗಡಿಯಲ್ಲಿ ಹಬ್ಬವಾಗಿತ್ತು. ಐದನೆಯದರಲ್ಲಿ ಮತ್ತೆ ತಿರಸ್ಕಾರ, ಬಾಗಿಲು ಹಾಕಿದ ಅಂಗಡಿ. ಎರಡನ್ನೂ ಅವಳ ಮುಂದಿಟ್ಟು, ಯಾವುದು ಬೇಕೋ ಆರಿಸಿಕೊ ಎಂದೆ.)

"ನೀನ್ಯಾರು ತಮ್ಮಾ, ನಂಗೆ ಕಾರ್ಡ್ ಕೊಡೋಕೆ?" ಎಂದಳು. "ನೀನು ಕೊಟ್ಟ ಕಾರ್ಡಲ್ಲಿ ಓಟು ಹಾಕೋಕಾಗುತ್ತಾ?"

"ಆಗಲ್ಲ."

"ಮತ್ತೆ? ನೀನು ತಿರಸ್ಕಾರ ಅಂತ ಬರೆದ್ರೆ ಅದೂ ನಡೆಯಲ್ಲ. ಆಗ್ಲಿಲ್ಲ ಅಂದ್ರೆ ನಾಲ್ಕನೇ ಸಲ ಅರ್ಜಿ ಹಾಕ್ತೀನಿ."

"ಓದೋರು ಕಾಯ್ತಿದ್ದಾರಕ್ಕ. ಏನಾದ್ರೂ ಒಂದು ಮುಗಿಸ್ಬೇಕಲ್ಲ."

ಅವಳು ಮೊದಲ ಸಲ ಒಲೆ ಬಿಟ್ಟು ಬಂದು ನನ್ನೆದುರು ಕೂತಳು. ಎರಡೂ ಹಾಳೆಗಳನ್ನು ಮಡಚಿ ನನ್ನ ಜೇಬಿಗೆ ತುರುಕಿದಳು.

"ನಾನು ಇಪ್ಪತ್ತಾರು ವರ್ಷ ಕಾದಿದ್ದೀನಿ," ಎಂದಳು. "ಅವರೂ ಸ್ವಲ್ಪ ಕಾಯ್ಲಿ."